ಇಂದು ನಗದು, ನಾಳೆ ಉದ್ರಿ

ಮೇ ತಿಂಗಳು, ಸಂಜೆ ಐದೂಕಾಲು. ಬೆಂಗಳೂರಿನಲ್ಲಿ ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ ಮಳೆ. ಇದು ವರುಣನ ಹಗೆತನ ಎಂದು ನನ್ನ ಸಹೋದ್ಯೋಗಿಯೊಬ್ಬರು ನಂಬಿದ್ದರು. ಕಾರಣ ಅಷ್ಟು ಗಹನವಾದದ್ದೇನೂ ಅಲ್ಲ. ಬಿಸಿಲು ನೆತ್ತಿಗೇರಿದ ಎರಡು-ಮೂರು ಗಂಟೆಗಳ ನಂತರ ಸೆಕೆ ಏರುವಷ್ಟು ಏರಿರುತ್ತದೆ. ಆಗ ಮೇಲೆದ್ದ ತೇವದ ಗಾಳಿ ತಣಿದು, ಮೋಡವಾಗಿ ಬೆಳೆದು, ತನ್ನ ಭಾರ ತಾನೇ ತಾಳಲಾರದೆ ಇಳಿಯಲು ಇನ್ನೊಂದೆರಡು ಗಂಟೆ ಬೇಕು. ಲೆಕ್ಕ ಹಾಕಿದರೆ ಐದರ ಆಸುಪಾಸಿಗೆ ಬರುತ್ತದೆ. ಆ ಹೊತ್ತಿಗೇ ಊರಿನ ಅರ್ಧ ಜನ ಬೀದಿಗಿಳಿಯುವಂತೆ ಕಚೇರಿಗಳ ವೇಳಾಪಟ್ಟಿ ಬರೆದವರು ನಾವು.

ಮೊದಲ ಹನಿ ಬಿದ್ದ ಎರಡು ನಿಮಿಷಕ್ಕೆ ಮೇಲ್ಸೇತುವೆಗಳ ಕೆಳಗೆ ಬೈಕುಗಳ ಜಾತ್ರೆ ನೆರೆಯುತ್ತದೆ. ರೈನ್‌ಕೋಟು ಇದ್ದವರು ಹಾಕಿಕೊಳ್ಳಲು ನಿಲ್ಲುತ್ತಾರೆ, ಇಲ್ಲದವರು ಮಳೆ ನಿಲ್ಲುವವರೆಗೂ ನಿಲ್ಲುತ್ತಾರೆ. ಮೊದಲು ಬಂದವರು ಅಂಚಿನಲ್ಲಿ, ಆಮೇಲೆ ಬಂದವರು ಅವರ ಪಕ್ಕದಲ್ಲಿ, ಹೀಗೆ ಮೂರು ಸಾಲಿನ ರಸ್ತೆ ಒಂದು ಸಾಲಾಗುತ್ತದೆ. ಅವರನ್ನು ಬೈಯುವ ಅಧಿಕಾರ ನನಗಿಲ್ಲ, ಹಲವು ವರ್ಷ ನಾನೂ ಅಲ್ಲಿ ನಿಂತವನೇ. ಅಲ್ಲಿ ನಿಂತು ನೋಡಿದ್ದರಿಂದಲೇ ಒಂದು ವಿಷಯ ನನಗೆ ಹೊಳೆದದ್ದು. ಅಲ್ಲಿ ಹಾದುಹೋಗುವ ಯಾರೂ ಮಳೆ ಬಂತೆಂದು ಹೊಸದೊಂದು ತಪ್ಪು ಮಾಡುತ್ತಿರಲಿಲ್ಲ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವುದು, ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತುವುದು, ಸಿಕ್ಕ ಸಂದಿಗೆ ಮೂತಿ ತೂರಿಸುವುದು ಎಲ್ಲ ನಿನ್ನೆಯ ಒಣ ರಸ್ತೆಯಲ್ಲೂ ಮಾಡಿದ್ದೇ. ಒಣ ರಸ್ತೆ ಇದನ್ನೆಲ್ಲ ಉದ್ರಿ ಬರೆದುಕೊಳ್ಳುತ್ತದೆ. ಹನಿ ಬಿದ್ದ ಕೂಡಲೇ ಹಳೆಯ ಕಿರಾಣಿ ಅಂಗಡಿಯ ಹಲಗೆ ಬಾಗಿಲಿಗೆ ಬರುತ್ತದೆ: ಇಂದು ನಗದು, ನಾಳೆ ಉದ್ರಿ.

ಉದ್ರಿ ಕೊಡುತ್ತಿದ್ದದ್ದು ಘರ್ಷಣೆ. ಟೈರು ಮತ್ತು ಡಾಂಬರಿನ ನಡುವಿನ ಹಿಡಿತವನ್ನು ಅಳೆಯುವ ಸಂಖ್ಯೆಗೆ ಘರ್ಷಣಾಂಕ ಎನ್ನುತ್ತಾರೆ. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಅದು ಸುಮಾರು 0.7, ಒದ್ದೆಯಾದರೆ 0.4ರ ಸುತ್ತಮುತ್ತ. ದಶಾಂಶದ ಆಚೀಚೆ ಆಡುವ ಈ ಅಂಕಿಗಳನ್ನು ರಸ್ತೆಗೆ ಇಳಿಸಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಒಣ ರಸ್ತೆಯಲ್ಲಿ ಅದು 14 ಮೀಟರಿನಲ್ಲಿ ನಿಲ್ಲುತ್ತದೆ, ಒದ್ದೆ ರಸ್ತೆಯಲ್ಲಿ 25 ಮೀಟರ್ ತೆಗೆದುಕೊಳ್ಳುತ್ತದೆ. ಕಣ್ಣು ಕಂಡು, ಮೆದುಳು ಗ್ರಹಿಸಿ, ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಓಡಿದ 21 ಮೀಟರ್ ಬೇರೆ. ಇದಕ್ಕಿಂತ ನನ್ನನ್ನು ಹೆಚ್ಚು ಬೆಚ್ಚಿಸಿದ ಲೆಕ್ಕ ಇನ್ನೊಂದಿದೆ. ಒಣ ರಸ್ತೆಯಲ್ಲಿ ಕಾರು ಪೂರ್ತಿ ನಿಂತುಬಿಡುವ ಆ 14ನೇ ಮೀಟರಿನಲ್ಲಿ, ಒದ್ದೆ ರಸ್ತೆಯ ಕಾರು ಇನ್ನೂ ಗಂಟೆಗೆ 33 ಕಿ.ಮೀ. ವೇಗದಲ್ಲಿರುತ್ತದೆ. ಮುಂದಿನ ಗಾಡಿಯ ಬಂಪರಿಗೆ ಎಷ್ಟು ಹತ್ತಿರ ಹೋಗಬಹುದು ಎಂದು ನಮ್ಮ ಕಾಲು ವರ್ಷಗಟ್ಟಲೆ ಕಲಿತದ್ದು ಆ 14 ಮೀಟರಿನ ಲೆಕ್ಕವನ್ನೇ. ಕಾಲಿಗೆ ಮಳೆಯ ಲೆಕ್ಕ ಗೊತ್ತಿಲ್ಲ.

ಮೊದಲ ಮಳೆಯ ಕಥೆ ಇನ್ನೂ ಕೆಟ್ಟದ್ದು. ಎಲ್ಲರಿಗೂ ಪ್ರಿಯವಾದ ಆ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 'ಪೆಟ್ರಿಕೋರ್' ಎಂದು ಹೆಸರಿಟ್ಟರು. ಒಣಗಾಲದಲ್ಲಿ ಗಿಡಗಳಿಂದ ಬಂದು ಕಲ್ಲು ಮಣ್ಣಿನ ಮೇಲೆ ಕೂತ ಎಣ್ಣೆಯಂಶಕ್ಕೂ ಈ ವಾಸನೆಗೂ ನಂಟಿದೆ ಎಂದು ಅವರು ತೋರಿಸಿದರು. ನೆಲದ ಮೇಲೆ ಹೀಗಾದರೆ, ರಸ್ತೆಯ ಮೇಲೆ ಕೂರುವ ಎಣ್ಣೆಯ ಮೂಲ ಬೇರೆ: ಲಾರಿ ತೊಟ್ಟಿಕ್ಕಿಸಿದ ಡೀಸೆಲ್, ಆಟೋ ಸೋರಿಸಿದ ಇಂಜಿನ್ ಆಯಿಲ್, ಸವೆದ ಟೈರುಗಳ ರಬ್ಬರ್ ಪುಡಿ, ಎಲ್ಲದರ ಮೇಲೆ ಧೂಳು. ಜೋರು ಮಳೆ ಬಂದರೆ ಇದೆಲ್ಲ ತೊಳೆದುಹೋದೀತು. ತುಂತುರು ಮಾತ್ರ ಬಂದರೆ ಕಲಸಿಡುತ್ತದೆ. ನೀರು, ಎಣ್ಣೆ, ಪುಡಿ ಸೇರಿದ ಆ ಲೇಪದ ಮೇಲೆ ಕಾಲಿಟ್ಟವರಿಗೆ ಗೊತ್ತು, ಅದು ಹೆಚ್ಚುಕಮ್ಮಿ ಸೀಗೆ ಕಲಸಿದ ಬಚ್ಚಲ ಕಲ್ಲು. ನಾನು ಸ್ಕೂಟರಿನಿಂದ ಬಿದ್ದದ್ದು ಅಂಥದ್ದರ ಮೇಲೆಯೇ. ಬಿದ್ದಾಗ ಮಳೆ ಎಷ್ಟು ಸಣ್ಣದಿತ್ತೆಂದರೆ ವೈಪರ್ ಹಾಕಿದ ಕಾರು ಒಂದೂ ಇರಲಿಲ್ಲ.

ಅಮೆರಿಕದ 1975ರಿಂದ 2000ದವರೆಗಿನ ಅಪಘಾತಗಳ ದಾಖಲೆ ಇಟ್ಟುಕೊಂಡು ಡೇನಿಯಲ್ ಐಸೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಬೇರೆ ದಾರಿಯಲ್ಲಿ ಹೇಳುತ್ತದೆ. ಮಳೆಯ ದಿನ ಅಪಘಾತ ಹೆಚ್ಚುತ್ತದೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಹೊಸದು ಇದು: ಹಿಂದಿನ ಮಳೆ ಬಿದ್ದು ಎಷ್ಟು ಹೆಚ್ಚು ದಿನವಾಗಿದೆಯೋ ಇವತ್ತಿನ ಮಳೆ ಅಷ್ಟು ಹೆಚ್ಚು ಅಪಾಯಕಾರಿ. ನಿನ್ನೆಯೂ ಸುರಿದಿದ್ದರೆ ಅಪಾಯ ಇಳಿಯುತ್ತದೆ. ಎಣ್ಣೆ ತೊಳೆದುಹೋದದ್ದು ಇದಕ್ಕೆ ಒಂದು ಕಾರಣ ಇರಬಹುದು. ಒದ್ದೆ ರಸ್ತೆಯಲ್ಲಿ ಹೇಗೆ ಓಡಿಸಬೇಕೆಂದು ಚಾಲಕರಿಗೆ ಮತ್ತೆ ನೆನಪಾದದ್ದೂ ಇರಬಹುದು. ಆಗುಂಬೆಯ ಕಡೆಯವರಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ. ಜುಲೈ ತಿಂಗಳಿಡೀ ಹಗಲೂ ರಾತ್ರಿ ಸುರಿಯುವಲ್ಲಿ ರಸ್ತೆಯೂ ತೊಳೆದಿರುತ್ತದೆ, ಚಾಲಕನೂ ಪಳಗಿರುತ್ತಾನೆ. ಅಲ್ಲಿ ಜಾರಿಸುವುದು ಅಂಚಿನಲ್ಲಿ ಬೆಳೆದ ಪಾಚಿ. ಬೆಂಗಳೂರಿನದು ಬಂದುಹೋಗುವ ಮಳೆ. ಎರಡು ವಾರ ಬಿಟ್ಟು ಬಂದಾಗ ರಸ್ತೆ ಮತ್ತೆ ಕೊಳೆಯಾಗಿರುತ್ತದೆ, ಚಾಲಕ ಎಲ್ಲ ಮರೆತಿರುತ್ತಾನೆ.

ದ್ವಿಚಕ್ರ ವಾಹನಗಳ ಕಷ್ಟ ಪ್ರತ್ಯೇಕವಾಗಿ ಹೇಳಬೇಕಾದ್ದು. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ. ಬ್ರೇಕಿಗೆ ಖರ್ಚು ಮಾಡಿದ್ದು ತಿರುವಿಗೆ ಉಳಿಯುವುದಿಲ್ಲ. ಒಣ ರಸ್ತೆಯಲ್ಲಿ ಬೈಕನ್ನು ಸುಮಾರು 35 ಡಿಗ್ರಿ ಬಾಗಿಸಿ ತಿರುಗಿಸಬಹುದು, ಒದ್ದೆಯಾದರೆ 22 ಡಿಗ್ರಿಯೇ ಗಡಿ. ಆ ಬಾಗಿನಲ್ಲಿರುವಾಗಲೇ ಮುಂದಿನ ಬ್ರೇಕ್ ಹಿಡಿದರೆ ಸಂಬಳ ಮುಗಿಯಿತು, ಚಕ್ರ ಕಚ್ಚಿಕೊಂಡು ಜಾರುತ್ತದೆ. ಜಾರುವ ಚಕ್ರ ಹ್ಯಾಂಡಲ್ಲಿನ ಮಾತು ಕೇಳುವುದಿಲ್ಲ. ಜೀಬ್ರಾ ಪಟ್ಟೆಯ ಬಿಳಿ ಬಣ್ಣ ಮತ್ತು ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ಇನ್ನೂ ನುಣುಪು. ಡಾಂಬರಿನ ಒರಟು ಕಲ್ಲುಗಳ ನಡುವೆ ನೀರಿಗೆ ಸರಿದು ಕೂರಲು ಸಂದಿ ಇರುತ್ತದೆ, ಇವುಗಳಲ್ಲಿ ಇರುವುದಿಲ್ಲ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಕಡ್ಡಾಯವಾಯಿತು. ನಿಯಮ ಆ ಗೆರೆ ಎಳೆದಾಗ ನಮ್ಮ ಬೀದಿಗಳನ್ನು ತುಂಬಿರುವ ಸ್ಕೂಟರುಗಳು, ಸಣ್ಣ ಬೈಕುಗಳೆಲ್ಲ ಅದರ ಈಚೆಗೇ ಉಳಿದವು.

ನೀರಿನ ಪದರ ಇನ್ನಷ್ಟು ದಪ್ಪವಾದರೆ ಆಟವೇ ಬದಲಾಗುತ್ತದೆ. 18 ಸೆಂಟಿಮೀಟರ್ ಅಗಲದ ಟೈರು, ರಸ್ತೆಯ ಮೇಲೆ 3 ಮಿ.ಮೀ. ನೀರು, ಗಂಟೆಗೆ 80 ಕಿ.ಮೀ. ವೇಗ. ಗುಣಿಸಿ ನೋಡಿ: ಪ್ರತಿ ಸೆಕೆಂಡಿಗೆ 12 ಲೀಟರ್ ನೀರನ್ನು ಒಂದೊಂದು ಮುಂಚಕ್ರವೂ ಪಕ್ಕಕ್ಕೆ ತಳ್ಳಬೇಕು. ಸೆಕೆಂಡಿಗೆ ಒಂದು ಕೊಡ ನೀರು. ಟೈರಿನ ಮೇಲಿನ ಗೀರುಗಳು ಇರುವುದು ಈ ಕೊಡಗಳನ್ನು ಖಾಲಿ ಮಾಡಲಿಕ್ಕೆ. ಕಾರಿನ ಟೈರಿನಲ್ಲಿ ಈ ಗೀರು ಕನಿಷ್ಠ 1.6 ಮಿ.ಮೀ. ಆಳ ಉಳಿದಿರಬೇಕೆಂದು ಕಾನೂನು ಹೇಳುತ್ತದೆ. ಗೀರು ಸವೆದಿದ್ದರೆ ನೀರು ಹೋಗಲು ದಾರಿ ಸಾಲದೆ ಟೈರಿನ ಮುಂದೆ ಬೆಣೆಯಂತೆ ಒತ್ತಿಕೊಂಡು, ಕೊನೆಗೆ ಟೈರನ್ನೇ ಎತ್ತಿಬಿಡುತ್ತದೆ. ಗಾಡಿ ಈಗ ತೇಲುತ್ತಿದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಇದೇ ಸೂಚನೆ. ಆಗ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೆಟ್ಟಗೆ ಹಿಡಿದು ಕಾಯುವುದೊಂದೇ ದಾರಿ. ಹೇಳುವುದು ಸುಲಭ.

ನೀರು ನಿಂತ ರನ್‌ವೇಯ ಮೇಲೆ ವಿಮಾನಗಳು ಜಾರುವುದನ್ನು ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ಅಧ್ಯಯನ ಮಾಡಿದರು. ಟೈರು ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬ ಸರಳ ಸೂತ್ರ ಅವರ ತಂಡಕ್ಕೆ ಸಿಕ್ಕಿತು. ಬಂಕಿನ ಹುಡುಗನಿಗೆ ನಾವು ಹೇಳುವ '32'ನ್ನು ಅದಕ್ಕೆ ಹಾಕಿದರೆ ಬರುವ ಉತ್ತರ ಗಂಟೆಗೆ ಸುಮಾರು 94 ಕಿ.ಮೀ.; ಗಾಳಿ ಇಳಿದು 25 ಆಗಿದ್ದರೆ 83. ಸವೆದ ಟೈರು, ನಿಂತ ನೀರು ಎರಡೂ ಸೇರಿದಾಗಿನ ಲೆಕ್ಕ ಇದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಈ ಭಯ ಬೇಡ, ಅಲ್ಲಿ ಇಪ್ಪತ್ತು ಮುಟ್ಟಿದರೆ ಪುಣ್ಯ. ಮೈಸೂರು ಹೆದ್ದಾರಿಯಲ್ಲಿ ಬೇಕು.

ರಾತ್ರಿಯಾದರೆ ಕಣ್ಣೂ ಕೈಕೊಡುತ್ತದೆ. ಒಣ ಡಾಂಬರು ಒರಟು, ಹೆಡ್‌ಲೈಟಿನ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಒಂದು ಪಾಲನ್ನು ನಮ್ಮ ಕಣ್ಣಿಗೇ ಮರಳಿಸುತ್ತದೆ. ಒದ್ದೆ ರಸ್ತೆ ಕನ್ನಡಿ. ನಮ್ಮ ಬೆಳಕನ್ನು ಎದುರಿನವನ ಕಣ್ಣಿಗೆ, ಅವನದನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ. ನಮ್ಮ ಮುಂದಿನ ರಸ್ತೆ ಮಾತ್ರ ಕಪ್ಪು. ಬಿಳಿ ಪಟ್ಟೆಗಳೂ ಕಾಣೆಯಾಗುತ್ತವೆ. ಆ ಬಣ್ಣದಲ್ಲಿ ಬೆರೆಸಿರುವ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸಬೇಕು, ಮೇಲೆ ನೀರು ನಿಂತರೆ ಅವು ಆ ಕೆಲಸ ಮಾಡಲಾರವು. ಸರಿಯಾಗಿ ಕಾಣುತ್ತಿಲ್ಲ ಎಂದು ನಮ್ಮವರು ಹೈಬೀಮ್ ಹಾಕುತ್ತಾರೆ. ಅದು ಬೀಳುತ್ತಿರುವ ಹನಿಗಳಿಗೆ ಬಡಿದು ಮುಖಕ್ಕೇ ವಾಪಸಾಗುತ್ತದೆ. ಇನ್ನು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಹೋಗುವವರು. ಈ ಪದ್ಧತಿ ಎಲ್ಲಿಂದ ಬಂತೋ! ನಿಂತ ಗಾಡಿಗೆಂದು ಇಟ್ಟ ದೀಪವನ್ನು ಓಡುವ ಗಾಡಿಗೆ ಹಾಕಿದರೆ, ಅವರು ಎಡಕ್ಕೆ ಹೋಗುತ್ತಾರೋ ಬಲಕ್ಕೋ ಹಿಂದಿನವನಿಗೆ ತಿಳಿಯುವ ಒಂದೇ ಉಪಾಯವೂ ಹೋಯಿತು.

ಹಿಂದೆ ಲಾರಿಗಳಲ್ಲಿ ವೈಪರ್ ಕೆಟ್ಟಾಗ ಕ್ಲೀನರ್ ಹುಡುಗ ಇಳಿದು ಗಾಜಿಗೆ ಹೊಗೆಸೊಪ್ಪು ಉಜ್ಜುವುದನ್ನು ಕಂಡಿದ್ದೇನೆ. ಹಾಗೆ ಉಜ್ಜಿದ ಗಾಜಿನ ಮೇಲೆ ನೀರು ಹನಿಹನಿಯಾಗಿ ಕೂರದೆ ತೆಳ್ಳಗೆ ಹರಡಿ ಇಳಿಯುತ್ತದೆ. ಒಂದೊಂದು ಹನಿಯೂ ಒಂದೊಂದು ಮಸೂರ, ಹರಡಿದ ಪದರ ಕಿಟಕಿಯ ಗಾಜಿನಂತೆ. ಮೇಲ್ಮೈ ಸೆಳೆತದ ಪಾಠವನ್ನು ಶಾಲೆಯಲ್ಲಿ ನಮಗೆ ಯಾರೂ ಇಷ್ಟು ಚೆನ್ನಾಗಿ ಕಲಿಸಲಿಲ್ಲ.

ಈಗ ಅಂಡರ್‌ಪಾಸಿಗೆ ಇಳಿಯೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿನ ಊರು. ಬಿದ್ದ ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಕಡೆಗೆ ಇಳಿಯಬೇಕು. ಇಳಿಯುವ ದಾರಿಯ ರಾಜಕಾಲುವೆಗಳು ಕಟ್ಟಿಕೊಂಡರೆ ಏನಾಗುತ್ತದೆಂದು 2022ರ ಸೆಪ್ಟೆಂಬರ್ ಮೊದಲ ವಾರ ತೋರಿಸಿತು. ಒಂದೇ ದಿನದಲ್ಲಿ 130 ಮಿ.ಮೀ. ಮೀರಿ ಸುರಿದಾಗ ಹೊರವರ್ತುಲ ರಸ್ತೆಯ ಕಡೆಯ ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಇಂಥ ಊರಿನಲ್ಲಿ ಅಂಡರ್‌ಪಾಸ್ ಎಂದರೆ ನಾವೇ ಅಗೆದಿಟ್ಟ ಹೊಂಡ. ನೀರು ಅಲ್ಲಿಗೆ ಬರದೆ ಇನ್ನೆಲ್ಲಿಗೆ ಹೋದೀತು?

'ಇಷ್ಟೇ ತಾನೇ, ದಾಟಿಬಿಡೋಣ' ಎನ್ನುವ ಅಭ್ಯಾಸ ಎಲ್ಲಕ್ಕಿಂತ ಹಳೆಯದು. ಒಂದು ಸಣ್ಣ ಕಾರನ್ನು ತೆಗೆದುಕೊಳ್ಳಿ. ತೂಕ 850 ಕಿಲೋ, ಉದ್ದ 3.6 ಮೀಟರ್, ಅಗಲ 1.6 ಮೀಟರ್. ತಳದ ವಿಸ್ತೀರ್ಣ ಆರು ಚದರ ಮೀಟರಿಗೆ ತುಸು ಕಡಿಮೆ. ತಳ ಮುಟ್ಟಿದ ಮೇಲೆ ನೀರು ಏರುವ ಒಂದೊಂದು ಸೆಂಟಿಮೀಟರೂ ಆರ್ಕಿಮಿಡೀಸನ ನಿಯಮದಂತೆ 58 ಕಿಲೋ ಭಾರವನ್ನು ಎತ್ತುತ್ತದೆ. ಹೀಗೆ 15 ಸೆಂಟಿಮೀಟರ್ ಏರಿದರೆ 850 ಕಿಲೋ ಸರಿಹೋಯಿತು. ನೆಲದಿಂದ ಕಾರಿನ ತಳಕ್ಕೆ ಇರುವ 17 ಸೆಂಟಿಮೀಟರ್ ಸೇರಿಸಿದರೆ ಒಟ್ಟು 32. ಒಳಗೆ ಐದು ಜನ ಕೂತಿದ್ದರೂ 37ರ ಸುಮಾರಿಗೆ ಗಾಡಿ ತೇಲಲು ಸಿದ್ಧ. ಅಂದರೆ ಮೊಣಕಾಲಿಗೂ ಬರದ ನೀರು. ಬಾಗಿಲ ಸಂದಿಯಿಂದ ನೀರು ಒಳಗೆ ಸೋರಿ ಭಾರವಾದಾಗ ಗಾಡಿ ಮತ್ತೆ ಕೂರುತ್ತದೆ ನಿಜ, ಅಷ್ಟರಲ್ಲಿ ಚಕ್ರ ಹಿಡಿತ ಬಿಟ್ಟಿರುತ್ತದೆ. ಇಂಜಿನ್ ಮುಂದಿರುವುದರಿಂದ ಮೊದಲು ಎದ್ದು ಪಕ್ಕಕ್ಕೆ ಸರಿಯುವುದು ಹಿಂಭಾಗ. ಪಕ್ಕದಲ್ಲಿ ಬಸ್ಸು ಸಲೀಸಾಗಿ ಹೋಗುತ್ತಿದೆಯಲ್ಲ ಎಂದು ಹಿಂಬಾಲಿಸುವವರು ಬಸ್ಸಿನ ತೂಕ, ತಳದ ಎತ್ತರ ಯಾವುದನ್ನೂ ನೋಡಿರುವುದಿಲ್ಲ. ಜೊತೆಗೆ ಅದು ಎಬ್ಬಿಸುವ ಅಲೆ ಇವರ ಬಾನೆಟ್ಟಿನ ಮೇಲೇ ಬೀಳುತ್ತದೆ.

ಆಮೇಲಿನದು ಮೆಕ್ಯಾನಿಕ್ ಬಾಯಲ್ಲಿ ಕೇಳಬೇಕು. ನನ್ನ ಪರಿಚಯದ ಗ್ಯಾರೇಜಿನವರು ಮಳೆಗಾಲದಲ್ಲಿ ಎಳೆದುತಂದ ಪ್ರತಿ ಗಾಡಿಯ ಯಜಮಾನರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: "ಸಾರ್, ನಿಂತ್‌ಮೇಲೆ ಸೆಲ್ಫ್ ಹೊಡೆದ್ರಾ?" ಇಲ್ಲ ಎಂದರೆ ಅವರ ಮುಖ ಅರಳುತ್ತದೆ. ಹೌದು ಎಂದರೆ ಸುಮ್ಮನೆ ಬಾನೆಟ್ ಎತ್ತುತ್ತಾರೆ. ಸಿಲಿಂಡರಿನೊಳಗೆ ಪಿಸ್ಟನ್ ಒತ್ತಬೇಕಾದ್ದು ಗಾಳಿಯನ್ನು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗೆ ನೀರು ಹೊಕ್ಕಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಬಾಗುವುದು ಕನೆಕ್ಟಿಂಗ್ ರಾಡ್. "ಕೆಟ್ಟಿದ್ದು ಮಳೆಯಿಂದಲ್ಲ ಸಾರ್, ಕೀ ಇಂದ" ಎನ್ನುತ್ತಾರೆ ಅವರು.

ಗಾಡಿ ಹೋದರೆ ಹೋಗಲಿ. 2023ರ ಮೇ 21ರ ಭಾನುವಾರ ಮಧ್ಯಾಹ್ನದ ಆಲಿಕಲ್ಲು ಮಳೆಯಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಸಿಕ್ಕಿಕೊಂಡು ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಊರಿನ ನಟ್ಟನಡುವೆ, ವಿಧಾನಸೌಧಕ್ಕೆ ಕೂಗಳತೆಯಲ್ಲಿ. ಬಾಗಿಲು ತೆಗೆದು ಹೊರಬರಬಾರದೇ ಎಂದು ಅಂದು ಎಷ್ಟೋ ಜನ ಕೇಳಿದರು. ಬಾಗಿಲಿನ ಹೊರಮೈಯಲ್ಲಿ ಅರ್ಧ ಮೀಟರ್ ನೀರು ನಿಂತಿದ್ದರೆ ಅದನ್ನು 125 ಕಿಲೋ ಭಾರದಷ್ಟು ಬಲ ಒಳಕ್ಕೆ ಒತ್ತುತ್ತಿರುತ್ತದೆ. ನೀರು ಇಮ್ಮಡಿಯಾದರೆ ಒತ್ತುವ ಬಲ ನಾಲ್ಮಡಿ, ಹತ್ತಿರಹತ್ತಿರ 500 ಕಿಲೋ. ಆಳ ಹೆಚ್ಚಿದಂತೆ ನೀರು ಒತ್ತುವ ಜಾಗವೂ ಹೆಚ್ಚುತ್ತದೆ, ಒತ್ತಡವೂ ಹೆಚ್ಚುತ್ತದೆ, ಹಾಗಾಗಿ ಈ ನಾಲ್ಮಡಿ. ಒಳಗೆ ಕೂತವರಿಗೆ ಕಾಲಿಗೆ ನೀರು ತಗುಲಿ ಗಾಬರಿಯಾಗುವ ಹೊತ್ತಿಗೆ ಬಾಗಿಲ ಮಾತು ಮುಗಿದಿರುತ್ತದೆ. ಕಿಟಕಿ ಇಳಿಸುವ ಮೋಟಾರಿಗೆ ವಿದ್ಯುತ್ ಇರುವಷ್ಟರಲ್ಲೇ ಗಾಜು ಇಳಿಸಿ ಅಲ್ಲಿಂದ ಹೊರಬೀಳಬೇಕು. ಅದೂ ಆಗದಿದ್ದರೆ ಒಡೆಯಬೇಕಾದ್ದು ಪಕ್ಕದ ಗಾಜು. ಮುಂದಿನದು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು, ಬಿರುಕು ಬಿಟ್ಟರೂ ದಾರಿ ಬಿಡುವುದಿಲ್ಲ.

ಇವೆಲ್ಲ ಅಪರೂಪದ ಆಪತ್ತುಗಳು. ದಿನನಿತ್ಯದ ಆಪತ್ತು ಸುಮ್ಮನೆ ನಿಂತಿರುವುದು. ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಹಸು ಇಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಜಾಮ್ ಆಯಿತು. ಒಬ್ಬ ತುಸು ನಿಧಾನಿಸಿದ, ಹಿಂದಿನವನು ಅದಕ್ಕಿಂತ ತುಸು ಹೆಚ್ಚು ಬ್ರೇಕ್ ಹಾಕಿದ, ಅವನ ಹಿಂದಿನವನು ಇನ್ನಷ್ಟು. ನಿಲ್ಲುವಿಕೆಯ ಅಲೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಮ್ಮುಖವಾಗಿ ಓಡತೊಡಗಿತು. ಈ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ನಡೆದದ್ದು ಒಣ ನೆಲದ ಮೇಲೆ ಎಂಬುದನ್ನು ಮರೆಯಬೇಡಿ. ಮಳೆಯಲ್ಲಿ ನೀರು ತುಂಬಿದ ಗುಂಡಿಯ ಮುಂದೆ ಆಳ ತಿಳಿಯದೆ ತಡವರಿಸುವ ಪ್ರತಿಯೊಬ್ಬನೂ ಇಂಥದ್ದೊಂದು ಅಲೆಯನ್ನು ಹಿಂದಕ್ಕೆ ಕಳಿಸುತ್ತಾನೆ.

ಅಲೆಗಿಂತ ದೊಡ್ಡ ಕಾಟ ಸಾಲಿನದು. ಒಂದು ಜಂಕ್ಷನ್ ಗಂಟೆಗೆ 3,000 ಗಾಡಿಗಳನ್ನು ದಾಟಿಸಬಲ್ಲದು, ಸಂಜೆ ಬರುತ್ತಿರುವುದು 2,900 ಎಂದುಕೊಳ್ಳಿ. ಎಲ್ಲ ಸುಸೂತ್ರ. ಮಳೆ ಬಂದು, ಎಲ್ಲರೂ ನಿಧಾನಿಸಿ, ಮೇಲ್ಸೇತುವೆಯ ಕೆಳಗೆ ಬೈಕುಗಳು ನಿಂತು, ಆ 3,000 ಎಂಬುದು 2,400ಕ್ಕೆ ಇಳಿಯಿತು. ನಲವತ್ತು ನಿಮಿಷದ ಮಳೆಯಲ್ಲಿ ಸುಮಾರು 330 ಗಾಡಿಗಳು ಬಾಕಿ ಉಳಿದವು. ಮಳೆ ನಿಂತಿತು, ರಸ್ತೆ ತೆರವಾಯಿತು, ಮತ್ತೆ 3,000. ಬರುವ 2,900 ಬರುತ್ತಲೇ ಇರುವುದರಿಂದ ಬಾಕಿ ಕರಗುವುದು ಗಂಟೆಗೆ ನೂರರಂತೆ. ನಲವತ್ತು ನಿಮಿಷದ ಮಳೆಗೆ ಮೂರು ಗಂಟೆ ಇಪ್ಪತ್ತು ನಿಮಿಷದ ಸಾಲು. ಆ ಸಾಲು ಹಿಂದಿನ ಜಂಕ್ಷನ್ನನ್ನು ಮುಟ್ಟಿ, ಯಾರೋ ಹಳದಿ ದೀಪಕ್ಕೆ ನುಗ್ಗಿ ಚೌಕದ ನಡುವೆ ಸಿಕ್ಕಿಕೊಂಡರೆ ಅಡ್ಡ ರಸ್ತೆಯೂ ನಿಂತಿತು, ಅಲ್ಲಿಗೆ ಈ ಲೆಕ್ಕವೂ ಕೆಟ್ಟಿತು. ರಾತ್ರಿ ಒಂಬತ್ತಕ್ಕೆ ನಕ್ಷತ್ರ ಕಾಣುವಷ್ಟು ತಿಳಿಯಾದ ಆಕಾಶದ ಕೆಳಗೆ ಹಾರನ್ ಒತ್ತುತ್ತ ನಿಂತವರಿಗೆ, ತಾವು ಐದೂಕಾಲರ ಮಳೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದೇವೆಂಬುದು ಗೊತ್ತಿರುವುದಿಲ್ಲ.

ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಮೇಲ್ಸೇತುವೆಗೂ ಅದು ಒಪ್ಪುತ್ತದೆ. ಮೇಲೆ ನಿಂತ ನೀರು ಒಡೆದ ಪೈಪುಗಳಿಂದ ಎರಡೂ ಪಕ್ಕಕ್ಕೆ ಧಾರೆಯಾಗಿ ಬಹಳ ಹೊತ್ತು ಸುರಿಯುತ್ತಿರುತ್ತದೆ. ಒಂದು ಸಂಜೆ ನಾವು ಮೂವತ್ತು-ನಲವತ್ತು ಜನ ಆ ಧಾರೆಯನ್ನೇ ನೋಡುತ್ತ, ಇನ್ನೂ ಜೋರಾಗಿದೆ ಎಂದು ಮಾತಾಡಿಕೊಳ್ಳುತ್ತ ಕಾದಿದ್ದೆವು. ಕೊಡೆಯಿಲ್ಲದೆ, ಒಣಗಿದ ತಲೆಯಲ್ಲಿ ಒಬ್ಬ ಹೂವಿನವಳು ಬುಟ್ಟಿ ಹೊತ್ತುಕೊಂಡು ಆಚೆ ಬದಿಯಿಂದ ನಡೆದು ಬಂದಳು.